ಹುಟ್ಟುಗುಣವೂ ಹೊರಗಣ ಪ್ರೇರಣೆಯೂ

ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿ ನಾಗರಹೊಳೆಯ ಕಾಡಿಗೆ ಒಂದು ಹೆಬ್ಬಾಗಿಲು. ಮೈಸೂರು ದಸರೆಗೆ ಹೊರಡುವ ಆನೆಗಳ ಗಜಪಯಣ ಈ ಬಾಗಿಲಿನಿಂದ ಮೊದಲಾಗುವುದು ವಾಡಿಕೆ. ಆನೆಗಳ ಪಾದ ತೊಳೆದು, ಹಣೆಗೆ ಗಂಧ ಕುಂಕುಮವಿಟ್ಟು, ಕಬ್ಬು ಬೆಲ್ಲ ತಿನ್ನಿಸಿ, ಆರತಿ ಎತ್ತಿ ಬೀಳ್ಕೊಡುತ್ತಾರೆ. ಅರಸರ ಕಾಲದಲ್ಲಿ ಆನೆಗಳು ರಾಜಧಾನಿಗೆ ನಡೆದೇ ಹೋಗುತ್ತಿದ್ದುವು. ಈಗ ನಾಲ್ಕು ಹೆಜ್ಜೆ ನಡೆದು ಲಾರಿ ಏರುತ್ತವೆ.

ಕೆಲವು ವರ್ಷಗಳ ಹಿಂದೆ ನಮ್ಮ ಪ್ರೌಢಶಾಲೆಯ ಹುಡುಗರನ್ನು ಕರೆದುಕೊಂಡು ಈ ಸಮಾರಂಭವನ್ನು ನೋಡಲು ಹೋಗಿದ್ದೆ. ಮಂಗಳವಾದ್ಯದ ಜೊತೆಗೆ ಡೊಳ್ಳು, ಕಂಸಾಳೆ, ಜನರ ಕೂಗು. ಆನೆಗಳು ಮಾತ್ರ ಮರದ ನೆರಳಿನಲ್ಲಿ ನಿಂತಂತೆ ನೆಮ್ಮದಿಯಾಗಿ ನಿಂತಿದ್ದುವು. ಕಾಡಂಚಿನ ಹಳ್ಳಿಯಿಂದ ಬರುವ ಒಬ್ಬ ಹುಡುಗ ನನ್ನ ತೋಳು ಮುಟ್ಟಿ ಕೇಳಿದ: “ಸಾ, ನಮ್ಮ ಹೊಲುಕ್ ಬರೋ ಆನೆ ಮೊದ್ಲು ಪಟಾಕಿ ಹೊಡುದ್ರೆ ಓಡೋಯ್ತಿತ್ತು. ಈಗ ನಿಂತ್ಕಂಡೇ ನೋಡ್ತದೆ. ಈ ಆನೆನೂ ಡೊಳ್ಳಿಗೆ ಜಗ್ತಾ ಇಲ್ಲ. ಎರಡಕ್ಕೂ ಪಾಠ ಹೇಳ್ಕೊಟ್ಟೋರು ಯಾರು ಸಾ?”

ಕನ್ನಡ ಪಂಡಿತನಿಗೆ ಕೇಳುವ ಪ್ರಶ್ನೆಯೇ ಇದು ಎಂದು ಜೊತೆಯ ಹುಡುಗರು ನಕ್ಕರು. ನಾನೂ ನಕ್ಕೆ. ಆದರೆ ಅಂದು ರಾತ್ರಿ ಪುಸ್ತಕಗಳನ್ನು ತೆಗೆದು ಕುಳಿತಾಗ, ಆ ಹುಡುಗ ಕೇಳಿದ್ದು ಎರಡು ಸಾವಿರ ವರ್ಷಗಳಷ್ಟಾದರೂ ಹಳೆಯ ಪ್ರಶ್ನೆ ಎಂಬುದು ಮನವರಿಕೆಯಾಯಿತು. ಪ್ರಾಣಿ ಮಾಡುವ ಕೆಲಸದಲ್ಲಿ ಹೊರಗಿನ ಪ್ರೇರಣೆಗೆ ಅದು ಕೊಡುವ ಉತ್ತರವೆಷ್ಟು? ಒಳಗಿನಿಂದಲೇ ಹೊಮ್ಮುವ ಸಹಜ ಪ್ರವೃತ್ತಿ, ಎಂದರೆ ನಮ್ಮ ಜನ ಹೇಳುವ ಹುಟ್ಟುಗುಣ, ಎಷ್ಟು? ಇವೆರಡರ ನಡುವಣ ಭೇದವನ್ನು ಮನುಷ್ಯ ಹೇಗೆ ಕಂಡುಕೊಂಡ?

ಮೊದಲು ಭೇದವನ್ನು ಸ್ಥೂಲವಾಗಿ ಹೇಳಿಬಿಡೋಣ. ಕಾದ ಹೆಂಚಿಗೆ ಬೆರಳು ತಗುಲಿದರೆ ಕೈ ತಾನಾಗಿ ಹಿಂದೆ ಬರುತ್ತದೆ. ಮುಟ್ಟಿದರೆ ಮುನಿ ಗಿಡವನ್ನು ಸೋಕಿದರೆ ಎಲೆ ಮಡಿಸುತ್ತದೆ. ಬಿಸಿ ಇಲ್ಲದಿದ್ದರೆ ಕೈ ಕದಲದು. ಸೋಂಕು ಇಲ್ಲದಿದ್ದರೆ ಎಲೆ ಮಡಿಸದು. ಕಾರಣ ಹೊರಗಿದೆ, ಕಾರ್ಯ ಚಿಕ್ಕದು, ಕ್ಷಣದಲ್ಲಿ ಮುಗಿಯುವಂಥದು. ಇದು ಪ್ರಚೋದನೆಗೆ ಪ್ರತಿಕ್ರಿಯೆ. ಇನ್ನು ಗೀಜಗನ ಹಕ್ಕಿಯನ್ನು ನೋಡಿ. ಹುಲ್ಲು ಅದರ ಕಣ್ಣಿಗೆ ಬೇರೆ ಕಾಲದಲ್ಲಿಯೂ ಬೀಳುತ್ತದೆ. ಆದರೂ ಮುಂಗಾರಿನ ಹೊತ್ತಿಗೆ, ಮೈಯೊಳಗೆ ಸಂತಾನದ ಋತು ಕೂಡಿದಾಗ ಮಾತ್ರ, ಗಂಡು ಹಕ್ಕಿ ಎಸಳನ್ನು ಸೀಳಿ ತಂದು, ಗಂಟು ಹಾಕಿ, ಹೆಣೆದು, ತೂಗುವ ಗೂಡನ್ನು ಕಟ್ಟುತ್ತದೆ. ಆ ಜಾತಿಯ ಗಂಡುಗಳೆಲ್ಲ ಕಟ್ಟುವುದು ಅದೇ ಮಾದರಿಯನ್ನು. ಅನೇಕ ಹಂತಗಳುಳ್ಳ, ಜಾತಿಗೆಲ್ಲ ಸಮಾನವಾದ, ಒಳಗಿನ ತುಡಿತವನ್ನು ಕಾಯುವ ಇಂಥ ನಡೆಯೇ ಸಹಜ ಪ್ರವೃತ್ತಿ.

ಈ ವಿವೇಕ ನಮ್ಮ ತಾರ್ಕಿಕರಿಗೆ ಹೊಸದಲ್ಲ. ಗೌತಮನ ನ್ಯಾಯಸೂತ್ರಗಳ ಮೂರನೆಯ ಅಧ್ಯಾಯದಲ್ಲಿ ಒಂದು ಸೊಗಸಾದ ವಾದವಿದೆ. ಆಗತಾನೆ ಹುಟ್ಟಿದ ಶಿಶು ನಗುತ್ತದೆ, ಬೆಚ್ಚುತ್ತದೆ, ಅಳುತ್ತದೆ. ಯಾರೂ ಕಲಿಸದೆ ಮೊಲೆಹಾಲನ್ನು ಬಯಸುತ್ತದೆ. ಇದು ಹಿಂದಿನ ಜನ್ಮದ ಅಭ್ಯಾಸದ ಫಲ, ಆದ್ದರಿಂದ ಆತ್ಮ ನಿತ್ಯ ಎಂದು ಸಿದ್ಧಾಂತಿ ಹೇಳುತ್ತಾನೆ. ಪೂರ್ವಪಕ್ಷದವನು ಬಿಡುವುದಿಲ್ಲ. ತಾವರೆ ಅರಳಿ ಮುಚ್ಚಿಕೊಳ್ಳುವಂತೆ ಶಿಶುವಿನ ಮುಖವೂ ಅರಳಿ ಬಾಡಬಹುದಲ್ಲ, ಕಬ್ಬಿಣ ಸೂಜಿಗಲ್ಲಿನ ಕಡೆಗೆ ಸರಿಯುವಂತೆ ಶಿಶುವೂ ಮೊಲೆಯ ಕಡೆಗೆ ಸರಿಯಬಹುದಲ್ಲ ಎಂದು ಕೇಳುತ್ತಾನೆ. ಸಿದ್ಧಾಂತಿಯ ಉತ್ತರವೇನು? ತಾವರೆಯ ವಿಕಾರಕ್ಕೆ ಬಿಸಿಲು, ಚಳಿ, ಮಳೆ, ಕಾಲ ಎಂಬ ಹೊರಗಿನ ನಿಮಿತ್ತಗಳಿವೆ. ಕಬ್ಬಿಣದ ಚಲನೆ ಸೂಜಿಗಲ್ಲಿಗೆ ಮಾತ್ರ ಕಟ್ಟುಬಿದ್ದದ್ದು. ಶಿಶುವಿನ ಪ್ರವೃತ್ತಿಯಾದರೋ ಒಳಗಿನ ಬಯಕೆಯಿಂದ ಹುಟ್ಟಿದ್ದು.

ಪೂರ್ವಜನ್ಮದ ವಿಚಾರವನ್ನು ಅವರವರ ನಂಬಿಕೆಗೆ ಬಿಡೋಣ. ನಮಗೆ ಬೇಕಾದದ್ದು ಅವರು ಎಳೆದ ಗೆರೆ. ತಾವರೆ ಒಂದು ಕಡೆ, ಹಸುಗೂಸು ಇನ್ನೊಂದು ಕಡೆ. ಪೂರ್ವಜನ್ಮ ಎಂದು ಅವರು ಕರೆದ ಸ್ಥಾನದಲ್ಲಿ ಇಂದಿನ ಜೀವವಿಜ್ಞಾನಿ ಪೂರ್ವಜರನ್ನು, ಎಂದರೆ ಲಕ್ಷಾಂತರ ವರ್ಷಗಳ ವಂಶಪರಂಪರೆಯನ್ನು, ಇಡುತ್ತಾನೆ. ಅಲಂಕಾರಶಾಸ್ತ್ರ ಓದಿದವರಿಗೂ ಈ ಗೆರೆ ಪರಿಚಿತವೇ. ರತಿ, ಶೋಕ, ಭಯ ಮೊದಲಾದ ಸ್ಥಾಯಿಭಾವಗಳು ಹುಟ್ಟಿನಿಂದಲೇ ವಾಸನಾರೂಪವಾಗಿ ಇರುತ್ತವೆಂದು ಅಭಿನವಗುಪ್ತ ಹೇಳುತ್ತಾನೆ. ಬೆಳದಿಂಗಳು, ತಂಗಾಳಿಗಳು ಉದ್ದೀಪನ ಮಾತ್ರ. ಬೆಳದಿಂಗಳು ಇಲ್ಲದ ಭಾವವನ್ನು ತಂದುಕೊಡಲಾರದು, ಇದ್ದದ್ದನ್ನು ಎಬ್ಬಿಸೀತು.

ಶಾಸ್ತ್ರದ ಮಾತು ಹೀಗಾದರೆ, ಆನೆಯ ವಿಷಯದಲ್ಲಿ ನಮ್ಮ ನಾಡಿಗೆ ಅನುಭವದ ಪಾಠವೇ ಇತ್ತು. ತಲಕಾಡಿನ ಗಂಗರ ಲಾಂಛನ ಆನೆ. ಎಂಟನೆಯ ಶತಮಾನದ ಶ್ರೀಪುರುಷ ಗಜಶಾಸ್ತ್ರವನ್ನು ಬರೆದನೆಂದೂ, ಅವನ ಮಗ ಶಿವಮಾರ ಕನ್ನಡದಲ್ಲಿ ಗಜಾಷ್ಟಕವನ್ನು ರಚಿಸಿದನೆಂದೂ ಪ್ರಸಿದ್ಧಿ. ಸಂಸ್ಕೃತದ ಗಜಶಾಸ್ತ್ರ ಗ್ರಂಥಗಳು ಆನೆ ಹಿಡಿಯುವುದಕ್ಕೆ ಐದು ಬಗೆಗಳನ್ನು ಹೇಳುತ್ತವೆ. ದೊಡ್ಡಿಯೊಳಗೆ ಕೂಡುವುದು, ಸಾಕಿದ ಹೆಣ್ಣಾನೆಯಿಂದ ಒಲಿಸಿ ತರುವುದು, ಬೆನ್ನಟ್ಟುವುದು, ಮೇಲೆಬಿದ್ದು ಹಿಡಿಯುವುದು, ಗುಂಡಿಗೆ ಕೆಡವುವುದು. ಇವುಗಳಲ್ಲಿ ಮೊದಲಿನ ಎರಡನ್ನು ಗಮನಿಸಿ. ಅವು ತೋಳಿನ ಬಲವನ್ನು ನಂಬಿದ ಉಪಾಯಗಳಲ್ಲ. ಗುಂಪಿನೊಡನೆ ನಡೆಯುವ, ಸಂಗಾತಿಯನ್ನು ಅರಸುವ ಆನೆಯ ಹುಟ್ಟುಗುಣವನ್ನೇ ನಂಬಿದವು.

ಇಲ್ಲಿಂದ ನಾವು 1873ಕ್ಕೆ ಬರಬೇಕು. ಆ ವರ್ಷ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಕೆಲಸಗಳು ನಡೆದುವು. ಇಂಗ್ಲೆಂಡಿನಲ್ಲಿ ಡಗ್ಲಸ್ ಸ್ಪಾಲ್ಡಿಂಗ್ ಎಂಬಾತ ಸಹಜ ಪ್ರವೃತ್ತಿಯನ್ನು ಕುರಿತು ತನ್ನ ಪ್ರಯೋಗಗಳನ್ನು ಪ್ರಕಟಿಸಿದ. ಮೊಟ್ಟೆಯೊಡೆದು ಹೊರಬರುವ ಕೋಳಿಮರಿಗಳಿಗೆ ಬೆಳಕು ಕಾಣುವ ಮುನ್ನವೇ ಮುಸುಕು ತೊಡಿಸಿ, ಒಂದೆರಡು ದಿನ ಬಿಟ್ಟು ತೆಗೆದು ನೋಡಿದ. ಕಣ್ಣು ಬಿಟ್ಟ ಕೆಲವು ನಿಮಿಷಗಳಲ್ಲೇ ಅವು ಓಡುವ ಹುಳುವನ್ನು ನೋಟದಿಂದ ಹಿಂಬಾಲಿಸಿ, ಗುರಿಯಿಟ್ಟು ಕುಕ್ಕಿದುವು. ಕಲಿಯುವುದಕ್ಕೆ ಅವಕಾಶವೇ ಇರಲಿಲ್ಲ. ಆದ್ದರಿಂದ ಅದು ಹುಟ್ಟರಿವು. ಇನ್ನೊಂದು ಸಂಗತಿಯನ್ನೂ ಆತ ಕಂಡ. ಬೇಗ ಮುಸುಕು ತೆಗೆದ ಮರಿಗಳು ಅವನನ್ನೇ ತಾಯಿಯಂತೆ ಹಿಂಬಾಲಿಸಿದುವು. ಸುಮಾರು ನಾಲ್ಕು ದಿನ ತಡೆದು ತೆಗೆದರೆ ಅವನನ್ನು ಕಂಡು ಹೆದರಿ ಓಡಿದುವು. ಅದೇ ಮನುಷ್ಯ, ಅದೇ ಪ್ರಚೋದನೆ. ಬದಲಾದದ್ದು ಮರಿಯ ಒಳಗಿನ ಗಡಿಯಾರ.

ಅದೇ 1873ರಲ್ಲಿ ಮೈಸೂರು ಸಂಸ್ಥಾನದ ಅಧಿಕಾರಿ ಜಿ. ಪಿ. ಸ್ಯಾಂಡರ್ಸನ್ ಚಾಮರಾಜನಗರದ ಕಡೆಯ ಕಾಡಿನಲ್ಲಿ ಖೆಡ್ಡಾ ಕೆಲಸಕ್ಕೆ ಕೈ ಹಾಕಿದ. ಮರುವರ್ಷ ಒಂದು ಹಿಂಡನ್ನೇ ಕೂಡಿದ. ಇದಕ್ಕೆ ನೂರು ವರ್ಷ ಮುಂಚೆ ಹೈದರಾಲಿ ಕಾಕನಕೋಟೆಯ ಕಾಡಿನಲ್ಲಿ ಆನೆಗಳನ್ನು ಕೂಡಲು ಯತ್ನಿಸಿ ಸೋತನೆಂದೂ, ಇನ್ನು ಯಾರೂ ಇಲ್ಲಿ ಗೆಲ್ಲಲಾರರೆಂದು ಕಲ್ಲಿನಲ್ಲಿ ಕೆತ್ತಿಸಿದನೆಂದೂ ಸ್ಯಾಂಡರ್ಸನ್ 1878ರ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ಮುಂದೆ ಅದೇ ಕಾಕನಕೋಟೆ ಮೈಸೂರು ಖೆಡ್ಡಾದ ಪ್ರಸಿದ್ಧ ಕ್ಷೇತ್ರವಾಯಿತು. ಹೆಗ್ಗಡದೇವನಕೋಟೆ ತಾಲ್ಲೂಕಿನ ಕಪಿಲಾ ನದಿಯ ದಂಡೆಯಲ್ಲಿ ನಡೆದ ಆ ನೋಟವನ್ನು ನೋಡಲು ದೇಶವಿದೇಶಗಳ ಗಣ್ಯರು ಬಂದರು. 1971ರಲ್ಲಿ ಕೊನೆಯ ಖೆಡ್ಡಾ ನಡೆಯಿತು. ಕಬಿನಿ ಜಲಾಶಯ ತುಂಬಿದ ಮೇಲೆ ಆ ಹಳೆಯ ನೆಲದ ಬಹುಭಾಗ ನೀರಿನ ಕೆಳಗಾಯಿತು.

ಖೆಡ್ಡಾ ನಡೆಯುತ್ತಿದ್ದ ಬಗೆಯನ್ನು ಸ್ವಲ್ಪ ಬಿಡಿಸಿ ನೋಡಿದರೆ ನಮ್ಮ ವಿಷಯ ಸ್ಪಷ್ಟವಾಗುತ್ತದೆ. ಮೊದಲು ಜೇನುಕುರುಬರೂ ಬೆಟ್ಟಕುರುಬರೂ ಹೆಜ್ಜೆ, ಲದ್ದಿ, ಮುರಿದ ಕೊಂಬೆಗಳ ಜಾಡಿನಲ್ಲಿ ಹಿಂಡನ್ನು ಪತ್ತೆ ಮಾಡುವರು. ನೂರಾರು ಜನ ದೂರದಿಂದ ಬಳಸಿ ನಿಲ್ಲುವರು. ಹಗಲು ಬಿದಿರಿನ ಪಟಪಟ, ತಮಟೆ, ಬಂದೂಕಿನ ಸದ್ದು. ರಾತ್ರಿ ಸಾಲು ಬೆಂಕಿ. ಸದ್ದಿಗೆ ಆನೆ ಸರಿಯುವುದು, ಬೆಂಕಿಗೆ ಹಿಮ್ಮೆಟ್ಟುವುದು: ಇದು ಪ್ರಚೋದನೆಗೆ ಪ್ರತಿಕ್ರಿಯೆ. ಆದರೆ ಅಷ್ಟರಿಂದಲೇ ಹಿಂಡು ದೊಡ್ಡಿಗೆ ಬೀಳುತ್ತಿರಲಿಲ್ಲ. ಒಂದೊಂದು ಆನೆ ಒಂದೊಂದು ದಿಕ್ಕಿಗೆ ಓಡಿದ್ದರೆ ಬೇಟೆ ಅಲ್ಲಿಗೇ ಮುಗಿಯುತ್ತಿತ್ತು. ಅವು ಹಾಗೆ ಓಡುವುದಿಲ್ಲ. ಅಪಾಯ ಬಂದಾಗ ಹಿಂಡು ಒಟ್ಟುಗೂಡುತ್ತದೆ, ಮರಿಗಳನ್ನು ನಡುವೆ ಹಾಕಿಕೊಳ್ಳುತ್ತದೆ, ಹಿರಿಯ ಹೆಣ್ಣಾನೆಯ ಹಿಂದೆ ನಡೆಯುತ್ತದೆ. ಈ ಹುಟ್ಟುಗುಣವೇ ಕಾಡಿನಲ್ಲಿ ಹುಲಿಯಿಂದ ಅವುಗಳ ಮರಿಗಳನ್ನು ಕಾಯುವುದು. ಖೆಡ್ಡಾದಲ್ಲಿ ಅವುಗಳನ್ನು ನದಿ ದಾಟಿಸಿ ದೊಡ್ಡಿಗೆ ಕೂಡಿದ್ದೂ ಅದೇ. ಬಾಗಿಲು ಬಿದ್ದ ಮೇಲೆ ಮರಿಯನ್ನು ಬಿಟ್ಟು ತಾಯಿ ಕದಲಳು, ತಾಯಿಯನ್ನು ಬಿಟ್ಟು ಹಿಂಡು ಕದಲದು. ಆನೆಯ ಬುದ್ಧಿಯನ್ನು ಲೋಕ ಅತಿಯಾಗಿ ಹೊಗಳುತ್ತದೆಂದು ಸ್ಯಾಂಡರ್ಸನ್ ಅಭಿಪ್ರಾಯಪಟ್ಟ. ಆದರೆ ಒಂಟಿಯಾಗಿ ಓಡಿದ್ದರೆ ಬದುಕಬಹುದಾಗಿದ್ದ ತಾಯಿ ಮರಿಗಾಗಿ ನಿಂತದ್ದನ್ನು ದಡ್ಡತನವೆನ್ನಲು ನನಗೆ ಮನಸ್ಸು ಬಾರದು.

ಸೆರೆ ಹಿಡಿದ ಮೇಲಿನ ಕಥೆ ಬೇರೆ. ಕುಮ್ಕಿ ಆನೆಗಳ ನಡುವೆ ಕಟ್ಟಿ, ಹಸಿವು, ಮೇವು, ಮಾತು, ಅಂಕುಶ ಇವುಗಳಿಂದ ಮಾವುತ ಅದನ್ನು ಪಳಗಿಸುತ್ತಾನೆ. ಇಂಥ ಕಲಿಕೆಗೆ ಶಾಸ್ತ್ರೀಯ ರೂಪ ಕೊಟ್ಟವನು ರಷ್ಯದ ಪಾವ್ಲಾವ್. ಜೀರ್ಣಕ್ರಿಯೆಯ ಸಂಶೋಧನೆಗಾಗಿ 1904ರಲ್ಲಿ ನೊಬೆಲ್ ಬಹುಮಾನ ಪಡೆದ ಆತ, ಅನ್ನದ ಜೊತೆಗೆ ಒಂದು ಸದ್ದನ್ನು ಮತ್ತೆ ಮತ್ತೆ ಕೇಳಿಸಿದರೆ ಕೊನೆಗೆ ಬರಿಯ ಸದ್ದಿಗೇ ನಾಯಿಯ ಬಾಯಲ್ಲಿ ನೀರೂರುವುದೆಂದು ತೋರಿಸಿದ. ಅನ್ನವಿಲ್ಲದೆ ಸದ್ದನ್ನೇ ಕೇಳಿಸುತ್ತ ಹೋದರೆ ಆ ನೀರು ಬತ್ತುವುದನ್ನೂ ತೋರಿಸಿದ. ಇದಕ್ಕಿಂತ ಸರಳವಾದ ಇನ್ನೊಂದು ಕ್ರಮ ರೂಢಿಯಾಗುವುದು. ಮುಟ್ಟಿದರೆ ಮುನಿ ಗಿಡವನ್ನೇ ನೋವಾಗದಂತೆ ಒಂದೇ ಸಮನೆ ಕದಲಿಸುತ್ತಿದ್ದರೆ ಸ್ವಲ್ಪ ಹೊತ್ತಿಗೆ ಅದು ಮುನಿಯುವುದನ್ನು ನಿಲ್ಲಿಸುತ್ತದೆ. ಜಂಬೂ ಸವಾರಿಯ ದಿನ ಸಿಡಿಯುವ 21 ಕುಶಾಲತೋಪುಗಳಿಗೆ ಬೆದರದಿರಲೆಂದು ಮೈಸೂರಿನಲ್ಲಿ ದಸರಾ ಆನೆಗಳಿಗೂ ಕುದುರೆಗಳಿಗೂ ಮೊದಲೇ ಫಿರಂಗಿಯ ತಾಲೀಮು ಮಾಡಿಸುವುದು ಈ ತತ್ತ್ವದಿಂದಲೇ. ಮೊದಲ ದಿನ ಬೆಚ್ಚಿದ ಆನೆ ಕ್ರಮೇಣ ಕಿವಿ ಬೀಸುತ್ತ ನಿಲ್ಲುತ್ತದೆ.

ಆದರೆ ಯಾವ ತಾಲೀಮೂ ಮುಟ್ಟಲಾರದ ಒಂದು ಸಂಗತಿಯಿದೆ, ಅದು ಮದ. ಪ್ರಾಯಕ್ಕೆ ಬಂದ ಗಂಡಾನೆಗೆ ಕಾಲಕಾಲಕ್ಕೆ ಕಪೋಲದಿಂದ ಮದೋದಕ ಸುರಿಯುತ್ತದೆ, ರಕ್ತದಲ್ಲಿ ಗಂಡುತನದ ರಸ ಹಲವು ಪಟ್ಟು ಏರುತ್ತದೆ. ಇಪ್ಪತ್ತು ವರ್ಷ ಮಾತು ಕೇಳಿದ ಆನೆಯನ್ನೂ ಆಗ ಮಾವುತ ಸರಪಳಿಯಲ್ಲಿ ಕಟ್ಟಿ ದೂರ ನಿಲ್ಲುತ್ತಾನೆ. ಫಿರಂಗಿಯ ಭಯ ಹೊರಗಿನಿಂದ ಬಂದದ್ದು, ಹೊರಗಿನ ಉಪಾಯದಿಂದ ಮಾಸುತ್ತದೆ. ಮದ ಒಳಗಿನದು, ಕಾಯಬೇಕು, ಕಳೆಯಲಾಗದು. ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆಗೆ ಮಾವುತರಷ್ಟು ಸಾಕ್ಷಿ ಹೇಳಬಲ್ಲವರು ವಿರಳ.

ಎಲ್ಲವೂ ಹೊರಗಿನ ಪ್ರೇರಣೆಯೇ ಎಂದು ವಾದಿಸಿದ ವಿಜ್ಞಾನಿಗಳೂ ಉಂಟು. ಜರ್ಮನಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಜಾಕ್ ಲೋಬ್ ಒಂದು ಜಾತಿಯ ಕಂಬಳಿಹುಳುಗಳನ್ನು ಪರೀಕ್ಷಿಸಿದ. ಅವು ಗಿಡದ ತುದಿಗೇರಿ ಚಿಗುರು ತಿನ್ನುವುದು ಜಾಣತನವಲ್ಲ, ಬೆಳಕಿನ ಸೆಳೆತ ಎಂದ. ಕೊಳವೆಯ ಒಂದು ತುದಿಗೆ ಬೆಳಕು, ಇನ್ನೊಂದು ತುದಿಗೆ ಚಿಗುರು ಇಟ್ಟರೆ ಅವು ಬೆಳಕಿನ ಕಡೆಯೇ ಕುಳಿತು ಹಸಿದು ಸತ್ತುವು. ಇದು ನ್ಯಾಯಶಾಸ್ತ್ರದ ಪೂರ್ವಪಕ್ಷವೇ, ಕಬ್ಬಿಣ ಮತ್ತು ಸೂಜಿಗಲ್ಲು. ಕಂಬಳಿಹುಳುವಿನ ಮಟ್ಟಿಗೆ ಪೂರ್ವಪಕ್ಷ ಗೆದ್ದಿತೆಂದೇ ಒಪ್ಪಬೇಕು.

ಎರಡನ್ನೂ ಒಂದೇ ಪ್ರಾಣಿಯ ಒಂದೇ ಕೆಲಸದಲ್ಲಿ ಬಿಡಿಸಿ ತೋರಿಸಿದ ಕೀರ್ತಿ ಕಾನ್ರಾಡ್ ಲಾರೆಂಟ್ಸ್ ಮತ್ತು ನಿಕೋ ಟಿನ್‌ಬರ್ಗನ್ ಅವರಿಗೆ ಸಲ್ಲುತ್ತದೆ. ಹೆಬ್ಬಾತಿನ ಮೊಟ್ಟೆ ಗೂಡಿನಿಂದ ಹೊರಳಿದರೆ ಅದು ಕತ್ತನ್ನು ಚಾಚಿ, ಕೊಕ್ಕಿನ ಅಡಿಯಿಂದ ಮೊಟ್ಟೆಯನ್ನು ಗೂಡಿಗೆ ಎಳೆದುಕೊಳ್ಳುತ್ತದೆ. ದಾರಿಯಲ್ಲಿ ಮೊಟ್ಟೆ ಪಕ್ಕಕ್ಕೆ ಜಾರದಂತೆ ಕೊಕ್ಕನ್ನು ಎಡಕ್ಕೂ ಬಲಕ್ಕೂ ತಿರುಗಿಸುತ್ತದೆ. ಎಳೆಯುವ ನಡುವೆ ಮೊಟ್ಟೆಯನ್ನು ಕಳಚಿಕೊಂಡರೆ? ಪಕ್ಕದ ಅಲುಗಾಟ ಒಡನೆ ನಿಂತಿತು. ಆದರೆ ಇಲ್ಲದ ಮೊಟ್ಟೆಯನ್ನು ಎಳೆಯುವ ಕತ್ತಿನ ಚಲನೆ ಗೂಡಿನ ತನಕ ಪೂರ್ತಿಯಾಗಿ ಸಾಗಿತು! ಪಕ್ಕದ ಅಲುಗಾಟ ಮೊಟ್ಟೆಯ ಸ್ಪರ್ಶಕ್ಕೆ ಕೊಟ್ಟ ಉತ್ತರ. ಕತ್ತಿನ ಎಳೆತ ಒಮ್ಮೆ ಎದ್ದರೆ ಮುಗಿಯುವವರೆಗೂ ನಿಲ್ಲದ ಸಹಜ ಪ್ರವೃತ್ತಿ. 1938ರಲ್ಲಿ ಪ್ರಕಟವಾದ ಈ ಪ್ರಯೋಗಕ್ಕಿಂತ ತಿಳಿಯಾದ ನಿದರ್ಶನ ನನಗೆ ಸಿಕ್ಕಿಲ್ಲ. 1973ರಲ್ಲಿ ಇವರಿಬ್ಬರಿಗೂ, ಜೇನಿನ ಕುಣಿತವನ್ನು ಅರ್ಥೈಸಿದ ಕಾರ್ಲ್ ಫಾನ್ ಫ್ರಿಷ್ ಅವರಿಗೂ ನೊಬೆಲ್ ಬಹುಮಾನ ಬಂದಿತು.

ಆ ಕಾಲದಲ್ಲಿ ನಮ್ಮ ಮೈಸೂರೂ ಸುಮ್ಮನಿರಲಿಲ್ಲ. ಮಹಾರಾಜಾ ಕಾಲೇಜಿನಲ್ಲಿ 1924ರಲ್ಲಿಯೇ ಮನಶ್ಶಾಸ್ತ್ರದ ವಿಭಾಗ ತೆರೆದಿತ್ತು. ಅದನ್ನು ಕಟ್ಟಿದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರವನ್ನು ಆರಂಭಿಸಿದವರೆಂಬುದು ಈ ಪತ್ರಿಕೆಯ ವಾಚಕರಿಗೆ ತಿಳಿದ ವಿಷಯ. ನಾವು ಆಕಾಶವಾಣಿ ಎಂದು ಕರೆಯುವ ಸಂಸ್ಥೆಗೆ ಆ ಹೆಸರು ಬಂದುದೂ ಅಲ್ಲಿಂದಲೇ. ಮನಸ್ಸಿನ ಶಾಸ್ತ್ರವೂ ಬಾನುಲಿಯೂ ನಮ್ಮೂರಿಗೆ ಒಂದೇ ಮನೆಯ ಬಾಗಿಲಿನಿಂದ ಬಂದುವು.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತು. ಹುಟ್ಟುಗುಣಕ್ಕೂ ಕಲಿಕೆಗೂ ನಡುವೆ ಗೋಡೆಯಿಲ್ಲ. 1953ರಲ್ಲಿ ಡೇನಿಯಲ್ ಲೆರ್‌ಮನ್ ಎಂಬ ಅಮೆರಿಕದ ವಿದ್ವಾಂಸ ಇದನ್ನೇ ಎತ್ತಿ ಲಾರೆಂಟ್ಸರನ್ನು ಪ್ರಶ್ನಿಸಿದ. ಆನೆಮರಿ ಹುಟ್ಟಿದ ಕೆಲವೇ ಗಂಟೆಗಳಲ್ಲಿ ತಾಯಿಯ ಮೊಲೆಗೆ ಬಾಯಿಡುತ್ತದೆ. ಸೊಂಡಿಲನ್ನು ಆಡಿಸುವುದಕ್ಕೆ ಮಾತ್ರ ತಿಂಗಳುಗಟ್ಟಲೆ ತಡಕಾಡುತ್ತದೆ, ತನ್ನ ಸೊಂಡಿಲನ್ನು ತಾನೇ ತುಳಿದುಕೊಳ್ಳುತ್ತದೆ, ನೀರನ್ನು ಬಾಯಿಟ್ಟೇ ಕುಡಿಯುತ್ತದೆ. ಬಯಕೆ ಹುಟ್ಟಿನಿಂದ ಬಂದದ್ದು, ಕೈಚಳಕ ಹಿರಿಯರನ್ನು ನೋಡಿ ಪಳಗಿದ್ದು. ಯಾವ ದಾರಿಯಲ್ಲಿ ಹೋದರೆ ಬೇಸಗೆಯಲ್ಲಿ ನೀರು ಸಿಕ್ಕೀತೆಂಬುದನ್ನು ಹಿಂಡು ಹಿರಿಯ ಹೆಣ್ಣಾನೆಯಿಂದ ಕಲಿಯುತ್ತದೆ. ಒಳಗಿನ ತುಡಿತ, ಹೊರಗಿನ ಪ್ರೇರಣೆ, ಕಲಿತ ಪಾಠ ಇವು ಮೂರು ಎಳೆಗಳು, ಹಗ್ಗ ಒಂದೇ.

ಈಗ ಆ ಹುಡುಗನ ಹೊಲಕ್ಕೆ ಹಿಂದಿರುಗೋಣ. ಹುಣಸೂರು ಸೀಮೆಯಲ್ಲಿ ರಾಗಿ ತೆನೆ ಬಲಿಯುವ ಕಾಲಕ್ಕೆ ಆನೆಗಳು ಕಾಡು ದಾಟುತ್ತವೆ. ಹೊಗೆಸೊಪ್ಪನ್ನು ಅವು ತಿನ್ನುವುದಿಲ್ಲ. ರಾಗಿಗೆ, ಜೋಳಕ್ಕೆ, ಬಾಳೆಗೆ ಹೋಗುವ ದಾರಿಯಲ್ಲಿ ತುಳಿಯುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಅವರು 1980ರ ದಶಕದ ಮೊದಲಲ್ಲಿ ಚಾಮರಾಜನಗರದ ಕಡೆಯ ಕಾಡುಗಳಲ್ಲಿ ಅಧ್ಯಯನ ಮಾಡಿ, ಬೆಳೆಗೆ ನುಗ್ಗುವುದರಲ್ಲಿ ಹೆಣ್ಣಾನೆಗಳಿಗಿಂತ ಪ್ರಾಯದ ಗಂಡಾನೆಗಳೇ ಮುಂದೆಂದು ತೋರಿಸಿದರು. ಪುಷ್ಟಿಯಾದ ಮೇವಿನಿಂದ ಮೈ ಬೆಳೆಸಿಕೊಂಡ ಗಂಡಿಗೆ ಸಂಗಾತಿ ದೊರೆಯುವುದು ಸುಲಭ. ಆದ್ದರಿಂದ ಅಪಾಯಕ್ಕೆ ಒಡ್ಡಿಕೊಳ್ಳುವ ತುಡಿತ ಗಂಡಿನಲ್ಲಿ ಹೆಚ್ಚು ಎಂಬುದು ಅವರು ಕೊಟ್ಟ ಕಾರಣ.

ರೈತ ಪಟಾಕಿ ಹಚ್ಚುತ್ತಾನೆ. ಮೊದಲ ರಾತ್ರಿ ಆನೆ ಓಡುತ್ತದೆ. ಹತ್ತು ರಾತ್ರಿ ಸದ್ದು ಕೇಳಿ, ಸದ್ದಿನಿಂದ ಮೈಗೇನೂ ಆಗಲಿಲ್ಲವೆಂದು ಕಂಡ ಮೇಲೆ ನಿಲ್ಲುತ್ತದೆ. ಮೈಸೂರಿನಲ್ಲಿ ನಾವು ಬೇಕೆಂದು ಮಾಡಿಸುವ ತಾಲೀಮನ್ನೇ ಇಲ್ಲಿ ಬೇಡದೆ ಮಾಡಿಸಿದ್ದೇವೆ. ಭಯ ಮಾಸಿತು, ಮೇವಿನ ತುಡಿತ ಮಾಸಲಿಲ್ಲ. ಪಟಾಕಿಯನ್ನು ನಂಬಿದ ರೈತ ನಿಂತ ಆನೆಯ ಸಮೀಪಕ್ಕೆ ಹೋಗುವುದು ಇಂಥ ರಾತ್ರಿಯಲ್ಲೇ. ಮನೆಗೆ ಹಿಂದಿರುಗದವರ ಸುದ್ದಿಯನ್ನು ನಮ್ಮ ಶಾಲೆಯ ಹುಡುಗರೇ ತರುತ್ತಾರೆ.

ಸದ್ದು ಸಾಲದೆಂದು ವೀರನಹೊಸಹಳ್ಳಿಯ ಕಾಡಂಚಿನಲ್ಲಿ ರೈಲುಹಳಿಗಳ ಬೇಲಿ ಹಾಕಿದರು. ಅದರಿಂದ ಹೊಲಗಳಿಗೆ ರಕ್ಷಣೆ ದೊರೆತದ್ದು ನಿಜ. ರೈತನ ಅನ್ನ ಉಳಿಯಲೇಬೇಕು. ಆದರೆ 2018ರ ಡಿಸೆಂಬರಿನಲ್ಲಿ ಒಂದು ಗಂಡಾನೆ ಈ ಬೇಲಿಯನ್ನು ದಾಟಲು ಹೋಗಿ ಹಳಿಯ ಮೇಲೆ ಸಿಕ್ಕಿಕೊಂಡು ಸತ್ತಿತು. ಕಬ್ಬಿಣವನ್ನು ಕಂಡರೂ ಅದು ನಿಲ್ಲಲಿಲ್ಲ. ಹೊರಗಿನ ತಡೆಗಿಂತ ಒಳಗಿನ ತುಡಿತ ದೊಡ್ಡದಾಗಿತ್ತು.

ಈ ಚರಿತ್ರೆಯಿಂದ ನಾನು ಕಲಿತದ್ದು ಇಷ್ಟೆ. ಪ್ರಾಣಿಯ ಪ್ರತಿಕ್ರಿಯೆಯನ್ನು ಸದ್ದಿನಿಂದ, ಬೆಂಕಿಯಿಂದ, ತಾಲೀಮಿನಿಂದ ತಿದ್ದಬಹುದು. ಅದರ ಸಹಜ ಪ್ರವೃತ್ತಿಗೆ ನೆಲವನ್ನೇ ಕೊಡಬೇಕು. ಕಾಡಿನೊಳಗೆ ಮೇವು, ನೀರು, ಹಿಂಡು ನಡೆಯುವ ದಾರಿ ಇವು ಉಳಿದರೆ ಬೇಲಿಗೂ ಬೆಲೆ ಬರುತ್ತದೆ. ಅಳಿದರೆ ಬೇಲಿಯನ್ನು ಎಷ್ಟು ಎತ್ತರಿಸಿದರೂ ಸಾಲದು. ಕಾಕನಕೋಟೆಯ ಕುರುಬರು ಆನೆಯ ಹುಟ್ಟುಗುಣವನ್ನು ಅದನ್ನು ಹಿಡಿಯುವುದಕ್ಕಾಗಿ ಅರಿತಿದ್ದರು. ನಾವು ಅದರ ಪಕ್ಕದಲ್ಲಿ ಬದುಕುವುದಕ್ಕಾಗಿ ಅರಿಯಬೇಕಾಗಿದೆ.

ಮರುದಿನ ತರಗತಿಯಲ್ಲಿ ಆ ಹುಡುಗನನ್ನು ಎಬ್ಬಿಸಿ ಹೇಳಿದೆ: “ಎರಡು ಆನೆಗೂ ಪಾಠ ಹೇಳಿದವರು ನಾವೇ ಕಣಪ್ಪ. ಒಂದಕ್ಕೆ ಗೊತ್ತಿದ್ದು ಹೇಳಿದೆವು, ಇನ್ನೊಂದಕ್ಕೆ ಗೊತ್ತಿಲ್ಲದೆ ಹೇಳಿದೆವು.” ಅವನು ಸ್ವಲ್ಪ ಯೋಚಿಸಿ, “ಹಂಗಾದ್ರೆ ಅದುಕ್ಕೆ ಹಸಿವು ಕಲ್ಸಿದ್ದು ಯಾರು ಸಾ?” ಎಂದ. ಆ ಹುಡುಗನನ್ನು ಕುಳ್ಳಿರಿಸಿ, ಹುಡುಗರಿಗೆಲ್ಲ ನ್ಯಾಯಸೂತ್ರದ ಹಸುಗೂಸಿನ ಕಥೆಯನ್ನು ಮೊದಲಿನಿಂದ ಹೇಳಿದೆ.